ಮೂರು ವಾರದ ಮಟ್ಟಿಗೆ ಹೊರದೇಶದ ನಿರಾಶ್ರಿತರ ಶಿಬಿರಕ್ಕೆ ಆಪ್ತಸಮಾಲೋಚಕಿಯಾಗಿ ಹೋಗುವುದು ಸರಿಯೇ?

ಕಾವೇರಿತೀರ (ಮೈಸೂರು)

ಎಲ್ಲರಿಗೂ ನಮಸ್ಕಾರ. ಪದವಿಪೂರ್ವ ಕಾಲೇಜೊಂದರಲ್ಲಿ ಮನಃಶಾಸ್ತ್ರ ಬೋಧಿಸುತ್ತಾ, ಅಲ್ಲಿನ ಮಕ್ಕಳಿಗೆ ಆಪ್ತಸಮಾಲೋಚನೆಯನ್ನೂ ನಡೆಸುತ್ತಾ ಬಂದು ಈಗ ನಿವೃತ್ತಳಾಗಿರುವವಳು ನಾನು. ಪರೀಕ್ಷೆಯ ಭಯ, ತಂದೆತಾಯಿಯರ ಜಗಳ, ಪ್ರೇಮಭಂಗ, ಒಮ್ಮೊಮ್ಮೆ ಆತ್ಮಹತ್ಯೆಯ ಯೋಚನೆ, ಇವೆಲ್ಲವನ್ನೂ ಮಕ್ಕಳ ಬಾಯಿಂದಲೇ ಕೇಳಿದ್ದೇನೆ. ಆದರೆ ಊರು ಸುಟ್ಟು ಓಡಿಬಂದವರ ಎದುರು ಕುಳಿತವಳಲ್ಲ.

ಈಗ ಪರಿಚಯದವರ ಮೂಲಕ ಒಂದು ಸಂಸ್ಥೆಯವರು ನನ್ನನ್ನು ಸಂಪರ್ಕಿಸಿದ್ದಾರೆ. ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿರುವ ರೋಹಿಂಗ್ಯಾ ಶಿಬಿರಗಳಲ್ಲಿ ಮೂರು ವಾರ ಸ್ವಯಂಸೇವಕಿಯಾಗಿ ಕೆಲಸ ಮಾಡಬೇಕಂತೆ. ದಿನಕ್ಕೆ ಏಳೆಂಟು ಮಹಿಳೆಯರೊಡನೆ ತಲಾ ಮುಕ್ಕಾಲು ಗಂಟೆ ಮಾತನಾಡುವುದು. ನಡುವೆ ದುಭಾಷಿಯೊಬ್ಬರು ಇರುತ್ತಾರೆ. ವಿಮಾನದ ಟಿಕೆಟ್, ವಸತಿಯ ಖರ್ಚು ಮತ್ತು ‘ಕಾರ್ಯಕ್ರಮ ಶುಲ್ಕ’ ಎಂಬ ಇನ್ನೊಂದು ಮೊತ್ತ ನನ್ನ ಕೈಯಿಂದಲೇ ಹೋಗಬೇಕು.

ಹಣದ ವಿಚಾರಕ್ಕೆ ನಾನು ಅಷ್ಟಾಗಿ ಹಿಂಜರಿಯುತ್ತಿಲ್ಲ. ನನ್ನ ಅಲ್ಪ ಅನುಭವದಿಂದ ಅಲ್ಲಿನವರಿಗೆ ನಿಜವಾಗಿಯೂ ಪ್ರಯೋಜನವಾಗುತ್ತದೆಯೇ, ಅಥವಾ ಪ್ರಯೋಜನವೆಲ್ಲ ನನಗೇ ಆಗಿಬಿಡುತ್ತದೆಯೇ ಎಂಬುದು ನನ್ನ ಅಳುಕು. ಇಂಥ ಕೆಲಸ ಮಾಡಿದವರು ಅಥವಾ ಹತ್ತಿರದಿಂದ ನೋಡಿದವರು ದಯವಿಟ್ಟು ಮುಚ್ಚುಮರೆಯಿಲ್ಲದೆ ಹೇಳಬೇಕು.

ಹೊನ್ನಾವರದ ಹೊಳೆ

ಮೇಡಂ, ಧೈರ್ಯವಾಗಿ ಹೋಗಿಬನ್ನಿ. ನೊಂದವರ ಪಕ್ಕದಲ್ಲಿ ಕುಳಿತು ಎರಡು ಮಾತು ಕೇಳಿಸಿಕೊಳ್ಳಲು ಇಷ್ಟೊಂದು ಯೋಚನೆ ಏಕೆ? ಒಳ್ಳೆಯ ಕೆಲಸಕ್ಕೆ ಕರೆ ಬಂದಾಗ ಮೀನಮೇಷ ಎಣಿಸಬಾರದು.

ಪ್ರಶ್ನಾರ್ಥಕ

ನೀವು ಹಿಂಜರಿಯದ ಆ ಹಣದ ವಿಚಾರಕ್ಕೇ ನಾನು ಮೊದಲು ಬರುತ್ತೇನೆ. ಶುಲ್ಕ ಕೊಡುವವರು ನೀವಾದರೆ ಆ ಸಂಸ್ಥೆಯ ಗ್ರಾಹಕರು ನೀವೇ ಹೊರತು ಶಿಬಿರದ ಹೆಂಗಸರಲ್ಲ. ಮೂರು ವಾರದ ಕೊನೆಗೆ ನಿಮಗೆ ತೃಪ್ತಿಯಾಗಿದೆಯೇ ಎಂದು ಅವರು ಖಂಡಿತ ಕೇಳುತ್ತಾರೆ. ನಿಮ್ಮೆದುರು ಕುಳಿತು ಅತ್ತವರು ಅದರ ಮಾರನೆಯ ವಾರ ಹೇಗಿದ್ದರು ಎಂದು ಯಾರು ಕೇಳುತ್ತಾರೆ? ಈ ಶುಲ್ಕ ಎಲ್ಲಿಗೆ ಹೋಗುತ್ತದೆ ಎಂದು ಬರಹದಲ್ಲಿ ಕೇಳಿ ನೋಡಿ. ಉತ್ತರ ಬರುವುದರೊಳಗೆ ನಿಮಗೆ ಅರ್ಧ ವಿಷಯ ತಿಳಿದುಹೋಗುತ್ತದೆ.

ಉಖಿಯಾ ನೋಡಿದವ

ನಾನು ಆ ಶಿಬಿರಗಳಲ್ಲಿ ಒಂದು ಪರಿಹಾರ ಸಂಸ್ಥೆಯ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡಿದವನು. ಆಪ್ತಸಮಾಲೋಚಕನಲ್ಲ, ಔಷಧ ಮತ್ತು ಸಾಮಾನುಗಳ ಲೆಕ್ಕ ನೋಡಿಕೊಳ್ಳುತ್ತಿದ್ದವನು. ಆದ್ದರಿಂದ ನಾನು ಹೇಳುವುದನ್ನು ಹೊರಗಿನಿಂದ ಕಂಡದ್ದೆಂದೇ ತಿಳಿಯಿರಿ.

2017ರ ಆಗಸ್ಟ್ 25ರ ನಂತರ ಮ್ಯಾನ್ಮಾರಿನ ರಖೈನ್ ಪ್ರಾಂತದಿಂದ ಏಳು ಲಕ್ಷಕ್ಕೂ ಹೆಚ್ಚು ಜನ ಕೆಲವೇ ತಿಂಗಳಲ್ಲಿ ಗಡಿ ದಾಟಿ ಬಂದರು. ಅದಕ್ಕೂ ಮೊದಲೇ ಬಂದು ನೆಲೆಸಿದ್ದವರೂ ಇದ್ದರು. ಉಖಿಯಾ ಮತ್ತು ಟೆಕ್ನಾಫ್ ಎಂಬ ಎರಡು ಉಪಜಿಲ್ಲೆಗಳ ಗುಡ್ಡಗಳ ಮೇಲೆ ಬಿದಿರು, ಟಾರ್ಪಾಲಿನ ಗುಡಿಸಲುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಒಂದು ಮನೆಯಲ್ಲಿ ಮಗು ಕೆಮ್ಮಿದರೆ ಮೂರನೆಯ ಮನೆಗೆ ಕೇಳುತ್ತದೆ. ಅಂಥ ಜಾಗದಲ್ಲಿ ‘ಇದು ನಮ್ಮಿಬ್ಬರ ನಡುವೆಯೇ ಇರುತ್ತದೆ’ ಎಂದು ನೀವು ಯಾವ ಬಾಯಿಂದ ಹೇಳುತ್ತೀರಿ ಮೇಡಂ?

ದುಭಾಷಿಯ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು. ಶಿಬಿರವನ್ನು ಬ್ಲಾಕುಗಳಾಗಿ ವಿಂಗಡಿಸಿ, ಪ್ರತಿ ಬ್ಲಾಕಿಗೂ ಮಾಝಿ ಎಂಬ ಮುಖಂಡನನ್ನು ಇಟ್ಟಿದ್ದಾರೆ. ದುಭಾಷಿಯಾಗಿ ಬರುವ ಹುಡುಗಿ ಆ ಮಾಝಿಯ ನೆಂಟರವಳಾಗಿದ್ದರೆ, ಗಂಡ ಹೊಡೆಯುತ್ತಾನೆಂದು ಯಾವ ಹೆಂಗಸೂ ಅವಳ ಮುಂದೆ ಬಾಯಿ ಬಿಡುವುದಿಲ್ಲ. ದುಭಾಷಿ ಚಿತ್ತಗಾಂಗ್ ಕಡೆಯ ಬಾಂಗ್ಲಾದೇಶದವರಾದರೆ ಭಾಷೆ ಹೆಚ್ಚುಕಡಿಮೆ ಹೊಂದುತ್ತದೆ, ಆದರೆ ದುಃಖದ, ನಾಚಿಕೆಯ ಮಾತುಗಳು ಬಂದಾಗ ಇಬ್ಬರೂ ತಡವರಿಸುವುದನ್ನು ನಾನೇ ಕಂಡಿದ್ದೇನೆ.

ಒಂದು ದೃಶ್ಯ ಹೇಳುತ್ತೇನೆ. ಹೊರದೇಶದಿಂದ ಬಂದಿದ್ದ ಸಮಾಲೋಚಕಿಯೊಬ್ಬರು ನಮ್ಮ ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ಒಬ್ಬ ನಡುವಯಸ್ಸಿನ ಹೆಂಗಸನ್ನು ‘ಆ ದಿನ ಏನಾಯಿತು’ ಎಂದು ಬಹಳ ಮೆಲ್ಲಗೆ, ಬಹಳ ಸಹಾನುಭೂತಿಯಿಂದ ಕೇಳುತ್ತಿದ್ದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗಿನ ಗಂಟಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಪಡಿತರ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟಳು. ಕಾರ್ಡಿನಲ್ಲಿ ಮಗನ ಹೆಸರು ಬಿಟ್ಟುಹೋಗಿತ್ತು, ಅವಳು ಅದಕ್ಕಾಗಿ ಬಂದಿದ್ದಳು. 2023ರಲ್ಲಿ ತಲಾ 12 ಡಾಲರಿನ ತಿಂಗಳ ಪಡಿತರವನ್ನು ಹಣದ ಕೊರತೆಯಿಂದ ಮೊದಲು 10ಕ್ಕೆ, ಆಮೇಲೆ 8 ಡಾಲರಿಗೆ ಇಳಿಸಿದ್ದರು. ಆ ಕಾಲದಲ್ಲಿ ಒಂದು ಹೆಸರು ಬಿಟ್ಟುಹೋಗುವುದೆಂದರೆ ಏನೆಂದು ನೀವೇ ಊಹಿಸಿ.

ಹೊನ್ನಾವರದ ಹೊಳೆ

ಹಾಗಾದರೆ ಮನಸ್ಸಿನ ನೋವಿಗೆ ಅಲ್ಲಿ ಬೆಲೆಯೇ ಇಲ್ಲವೆಂದು ಹೇಳುತ್ತೀರಾ? ಪಡಿತರ ಸಿಕ್ಕಿದರೆ ಕಣ್ಣೆದುರು ತನ್ನವರನ್ನು ಕಳೆದುಕೊಂಡದ್ದು ಮರೆತುಹೋಗುತ್ತದೆಯೇ?

ಉಖಿಯಾ ನೋಡಿದವ

ನಾನು ಹಾಗೆ ಹೇಳಲಿಲ್ಲ. ಪಡಿತರದ ಹೆಸರನ್ನು ಸರಿಪಡಿಸಲು ಯಾರ ಹತ್ತಿರ ಹೋಗಬೇಕೆಂದು ತಿಳಿದವರು ಆ ಕೋಣೆಯಲ್ಲಿ ಕುಳಿತಿರಬೇಕಿತ್ತು ಎಂದೆ. ಆಕೆಯ ನಂಬಿಕೆ ಅಲ್ಲಿಂದ ಶುರುವಾಗುತ್ತಿತ್ತು. ಆ ದಿನದ ಮಾತು ಆಕೆಗೆ ಬೇಕೆನಿಸಿದಾಗ ತಾನಾಗಿ ಬರುತ್ತಿತ್ತು.

ಸಾಲುಮರ (ಬೆಂಗಳೂರು, ಮನೋವೈದ್ಯಕೀಯ ಸಮಾಜಕಾರ್ಯ)

ಮೇಲಿನವರು ಅನುಭವದಿಂದ ಹೇಳಿದ್ದನ್ನೇ ನಾನು ನಿಯಮದ ಕಡೆಯಿಂದ ಹೇಳುತ್ತೇನೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಮತ್ತು ದೊಡ್ಡ ಪರಿಹಾರ ಸಂಸ್ಥೆಗಳು ಸೇರಿರುವ ಇಂಟರ್-ಏಜೆನ್ಸಿ ಸ್ಟ್ಯಾಂಡಿಂಗ್ ಕಮಿಟಿಯು 2007ರಲ್ಲಿ, ವಿಪತ್ತಿನ ಸಂದರ್ಭದ ಮಾನಸಿಕ ಆರೋಗ್ಯ ಮತ್ತು ಮನೋಸಾಮಾಜಿಕ ಬೆಂಬಲದ ಬಗ್ಗೆ ಮಾರ್ಗಸೂಚಿಯನ್ನು ಹೊರತಂದಿತು. ಯಾವ ಸಂಸ್ಥೆಗೂ ಸೇರದೆ, ಒಳ್ಳೆಯ ಮನಸ್ಸಿನಿಂದಲೇ ಆದರೂ ತಾವಾಗಿ ಹೊರಟುಬರುವ ವಿದೇಶಿ ಮಾನಸಿಕ ಆರೋಗ್ಯ ತಜ್ಞರನ್ನು, ಕೆಲವು ಷರತ್ತುಗಳಿಗೆ ಅವರು ಹೊಂದದಿದ್ದರೆ, ಬಾರದಂತೆ ತಡೆಯಬೇಕೆಂದು ಅದರಲ್ಲಿ ಸ್ಪಷ್ಟವಾಗಿಯೇ ಇದೆ.

ಆ ಷರತ್ತುಗಳನ್ನು ನೀವು ನಿಮಗೇ ಅನ್ವಯಿಸಿ ನೋಡಬಹುದು. ಹಿಂದೆ ವಿಪತ್ತಿನ ಪ್ರದೇಶದಲ್ಲಿಯೂ, ತಮ್ಮದಲ್ಲದ ಸಮಾಜ ಸಂಸ್ಕೃತಿಯ ನಡುವೆಯೂ ಕೆಲಸ ಮಾಡಿರಬೇಕು. ಇಂಥ ಸಂದರ್ಭದ ಬೆಂಬಲದ ವಿಧಾನಗಳಲ್ಲಿ ಮೂಲಭೂತ ಪರಿಣತಿ ಇರಬೇಕು. ಸಮುದಾಯದ ಆರೋಗ್ಯದ ತತ್ವಗಳು ತಿಳಿದಿರಬೇಕು. ಆ ದೇಶದ ಅಥವಾ ನೆಲೆಗೊಂಡ ಅಂತರರಾಷ್ಟ್ರೀಯ ಸಂಸ್ಥೆಯೊಂದರ ಲಿಖಿತ ಆಹ್ವಾನ ಇರಬೇಕು. ಆ ಸಂಸ್ಥೆಯು ಅಲ್ಲಿ ದೀರ್ಘಕಾಲ ಉಳಿಯುವಂಥದ್ದಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯದು: ಹೊರಗಿನಿಂದ ಬಂದವರು ತಾವೇ ಚಿಕಿತ್ಸೆಗೆ ಕೂರದೆ ಸ್ಥಳೀಯ ಸಿಬ್ಬಂದಿಗೆ ಕೌಶಲ ಕಲಿಸಬೇಕು, ಕೆಲಸವನ್ನು ಸ್ಥಳೀಯರೇ ಮಾಡಬೇಕು. ನಿಮ್ಮನ್ನು ಕರೆದವರ ಯೋಜನೆ ಇದಕ್ಕೆ ನೇರವಾಗಿ ವಿರುದ್ಧವಾಗಿದೆಯಲ್ಲ, ಮೇಡಂ.

ಅದೇ ಮಾರ್ಗಸೂಚಿಯಲ್ಲಿ ನಾಲ್ಕು ಹಂತದ ಒಂದು ಪಿರಮಿಡ್ ಇದೆ. ಬುಡದಲ್ಲಿರುವುದು ಅನ್ನ, ನೀರು, ಸೂರು, ಸುರಕ್ಷತೆ. ಅದರ ಮೇಲೆ ಕುಟುಂಬ ಮತ್ತು ಸಮುದಾಯದ ಆಸರೆ. ಮೂರನೆಯದು ತರಬೇತಿ ಪಡೆದ ಸಾಮಾನ್ಯರು ಕೊಡುವ ನೆರವು. ಕಿರಿದಾದ ತುದಿಯಲ್ಲಷ್ಟೇ ಮನೋವೈದ್ಯರು, ತಜ್ಞರು. ಪಡಿತರ ಕಾರ್ಡಿನ ಹೆಂಗಸು ಬುಡದಲ್ಲಿ ನಿಂತಿದ್ದಳು, ಕೇಳಿದ ಪ್ರಶ್ನೆ ತುದಿಯದಾಗಿತ್ತು.

ಕೆಂಪುಗುಡ್ಡ

ಸಾಲುಮರ ಅವರೇ, ನಿಮ್ಮ ಮಾತಿನಲ್ಲಿ ಜ್ಞಾನವಿದೆ, ಒಪ್ಪುತ್ತೇನೆ. ಆದರೆ ಈ ಮಾರ್ಗಸೂಚಿಗಳನ್ನೆಲ್ಲ ದೊಡ್ಡ ಸಂಸ್ಥೆಗಳು ತಮ್ಮ ಅಂಗಳಕ್ಕೆ ಬೇರೆಯವರು ಕಾಲಿಡದಿರಲೆಂದು ಬರೆದುಕೊಂಡಿವೆಯೇನೋ ಎಂಬ ಅನುಮಾನ ನನಗೆ ಬಹಳ ದಿನದಿಂದ ಇದೆ. ‘ಹಿಂದೆ ವಿಪತ್ತಿನ ಪ್ರದೇಶದಲ್ಲಿ ಕೆಲಸ ಮಾಡಿರಬೇಕು’ ಎಂದರೆ ಮೊದಲ ಸಲ ಯಾರಾದರೂ ಹೋಗುವುದು ಹೇಗೆ? ಪಕ್ಕದ ಮನೆಗೆ ಬೆಂಕಿ ಬಿದ್ದಾಗ ಕೊಡ ಹಿಡಿದು ಓಡಿಬಂದವನನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಮಾಣಪತ್ರ ಕೇಳಿದ ಹಾಗಾಯಿತು ಇದು.

ಸಾಲುಮರ

ಕೊಡದಲ್ಲಿರುವುದು ನೀರೋ ಸೀಮೆಎಣ್ಣೆಯೋ ಎಂದು ನೋಡಬೇಕಾಗುತ್ತದೆ, ಸರ್. ಇದನ್ನು ವ್ಯಂಗ್ಯಕ್ಕಾಗಿ ಹೇಳುತ್ತಿಲ್ಲ, ನಡೆದದ್ದನ್ನೇ ಹೇಳುತ್ತೇನೆ.

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಶ್ರೀಲಂಕಾದಲ್ಲಿ ಸುಮಾರು 35,000 ಜನ ಸತ್ತರು. ಅದರ ಬೆನ್ನಿಗೇ ಪಶ್ಚಿಮದ ದೇಶಗಳಿಂದ ಸಮಾಲೋಚಕರ ತಂಡಗಳು ಒಂದರ ಹಿಂದೊಂದು ಬಂದಿಳಿದವು. ಬಹಳ ಮಂದಿಗೆ ಸಿಂಹಳವೂ ಬಾರದು, ತಮಿಳೂ ಬಾರದು. ಆ ದ್ವೀಪದ ಉತ್ತರ ಮತ್ತು ಪೂರ್ವ ಭಾಗ ಅಷ್ಟರಲ್ಲಾಗಲೇ ಇಪ್ಪತ್ತು ವರ್ಷಗಳ ಯುದ್ಧವನ್ನು ಕಂಡಿತ್ತೆಂಬುದರ ಅರಿವೂ ಕೆಲವರಿಗೆ ಇರಲಿಲ್ಲ. ಬದುಕುಳಿದವರನ್ನು ಮಾನಸಿಕ ರೋಗಿಗಳಂತೆ ಕಾಣಬೇಡಿ, ಅವರ ಅನುಭವವನ್ನೆಲ್ಲ ಮನೋ ಆಘಾತ ಎಂಬ ಒಂದು ಲೆಕ್ಕಕ್ಕೆ ಇಳಿಸಬೇಡಿ ಎಂದು ಕೊಲಂಬೊ ವಿಶ್ವವಿದ್ಯಾಲಯದವರು ಬಹಿರಂಗವಾಗಿಯೇ ಮನವಿ ಮಾಡಿಕೊಳ್ಳಬೇಕಾಯಿತು.

ಆಘಾತವಾದ ಕೂಡಲೇ ಜನರನ್ನು ಕೂರಿಸಿ, ನಡೆದದ್ದನ್ನೆಲ್ಲ ಒಂದೇ ಸಿಟ್ಟಿಂಗಿನಲ್ಲಿ ಹೇಳಿಸುವ ‘ಡೀಬ್ರೀಫಿಂಗ್’ ಎಂಬ ಪದ್ಧತಿ ಆಗ ಬಹಳ ಜನಪ್ರಿಯವಾಗಿತ್ತು. ಅದರಿಂದ ಮುಂದಿನ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಕೇಡೇ ಆಗಬಹುದು ಎಂದು ಪರೀಕ್ಷೆಗಳಲ್ಲಿ ಕಂಡುಬಂತು. ಸುಟ್ಟಗಾಯಗಳಾದ ರೋಗಿಗಳ ಮೇಲೆ ನಡೆದ 1997ರ ಒಂದು ಅಧ್ಯಯನದಲ್ಲಿ, ಹಾಗೆ ಹೇಳಿಸಿಕೊಂಡವರ ಸ್ಥಿತಿ ಒಂದು ವರ್ಷದ ನಂತರ ಹೇಳಿಸಿಕೊಳ್ಳದವರಿಗಿಂತ ಕೆಟ್ಟದಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಈಗ ಆ ಪದ್ಧತಿಯನ್ನು ಶಿಫಾರಸು ಮಾಡುವುದಿಲ್ಲ.

ಅದರ ಜಾಗಕ್ಕೆ ಬಂದದ್ದು 2011ರ ಕೈಪಿಡಿಯ ‘ಮನೋವೈಜ್ಞಾನಿಕ ಪ್ರಥಮ ಚಿಕಿತ್ಸೆ’. ಸುತ್ತ ನೋಡುವುದು, ಕೇಳಿಸಿಕೊಳ್ಳುವುದು, ಬೇಕಾದ ನೆರವಿಗೆ ಜೋಡಿಸುವುದು, ಇಷ್ಟೇ ಅದರ ತಿರುಳು. ಹೇಳೆಂದು ಒತ್ತಾಯಿಸುವಂತಿಲ್ಲ. ಮೂರನೆಯ ಕೆಲಸವಂತೂ ಊರು ಬಲ್ಲವರಿಗೆ ಮಾತ್ರ ಸಾಧ್ಯ.

ಕೆಂಪುಗುಡ್ಡ

ಸೀಮೆಎಣ್ಣೆಯ ಮಾತನ್ನು ಒಪ್ಪಿಕೊಂಡೆ. ಆದರೆ ಹೊರಗಿನವರು ಬಂದದ್ದರಿಂದಲೇ ಲೋಕದ ಗಮನ ಅತ್ತ ಹರಿಯಿತು ಎಂಬುದನ್ನು ನೀವೂ ಒಪ್ಪಬೇಕು. ಯಾರೂ ಹೋಗದಿದ್ದರೆ ದುಡ್ಡೂ ಹೋಗುವುದಿಲ್ಲ.

ಕುಶಾಲನಗರದವನು

ಹೊರಗಿನಿಂದ ಬಂದವರ ಕಥೆಯನ್ನು ನಮ್ಮ ಊರಿನ ಪಕ್ಕದಲ್ಲೇ ಹೇಳಬಹುದು. ಬೈಲಕುಪ್ಪೆಯಲ್ಲಿ ಟಿಬೆಟಿನವರು 1960ರ ಸುಮಾರಿನಿಂದ ನೆಲೆಸಿದ್ದಾರೆ. ಆಗಿನ ಮೈಸೂರು ಸರ್ಕಾರ ಅವರಿಗೆ ಕಾಡುಭೂಮಿಯನ್ನು ಕೊಟ್ಟಿತು. ನಮಗೆ ಅವರು ನೆರೆಹೊರೆಯವರು, ಜೋಳದ ವ್ಯಾಪಾರದವರು, ಸಂತೆಯಲ್ಲಿ ಸಿಗುವವರು; ಅಲ್ಲಿಗೆ ಬರುವ ವಿದೇಶಿಯರ ಪಾಲಿಗೆ ನೊಂದ ನಿರಾಶ್ರಿತರು. ವಿದೇಶಿಯರು ಅಲ್ಲಿಗೆ ಬರಲು ಸರ್ಕಾರದ ವಿಶೇಷ ಪರವಾನಗಿ ಪಡೆಯಬೇಕು, ಆದರೂ ಸೇವೆ ಮಾಡುತ್ತೇವೆಂದು ಕೆಲವರು ಬರುತ್ತಾರೆ.

ನನಗೆ ಪರಿಚಯವಿರುವ ಹಿರಿಯರೊಬ್ಬರು ಅಲ್ಲಿದ್ದಾರೆ. ಹಿಮಾಲಯ ದಾಟಿ ಬಂದ ಕಥೆಯನ್ನು ಅವರು ಎಷ್ಟು ಜನಕ್ಕೆ ಹೇಳಿದ್ದಾರೋ ಅವರಿಗೇ ಲೆಕ್ಕವಿಲ್ಲ. ಈಗ ಯಾರಾದರೂ ನೋಟ್‌ಬುಕ್ ಹಿಡಿದು ಬಂದರೆ, ಎಲ್ಲಿ ಅಳಬೇಕು, ಎಲ್ಲಿ ನಗಬೇಕು, ಎಲ್ಲಿ ಸುಮ್ಮನಾಗಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ಹೇಳಿ ಮುಗಿಸಿ ನನ್ನತ್ತ ತಿರುಗಿ ಕನ್ನಡದಲ್ಲಿ, ‘ಮಂಡಿ ನೋವಿಗೆ ಒಳ್ಳೆ ಡಾಕ್ಟ್ರು ಮೈಸೂರಲ್ಲಿ ಯಾರಿದ್ದಾರೆ?’ ಎಂದು ಕೇಳುತ್ತಾರೆ.

ಪ್ರಶ್ನಾರ್ಥಕ

ಕುಶಾಲನಗರದವರೇ, ಆ ಹಿರಿಯರೇ ಈ ಚರ್ಚೆಗೆ ಬಂದಿದ್ದರೆ ನಾವೆಲ್ಲ ಇಷ್ಟು ಬರೆಯಬೇಕಾಗಿರಲಿಲ್ಲ.

ದೇರಾ ನಿವಾಸಿ (ದುಬೈ)

ನಾನು ಉಡುಪಿಯ ಕಡೆಯವನು, ಇಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಹೊರದೇಶದಲ್ಲಿ ಕಷ್ಟದಲ್ಲಿರುವವರಿಗೆ ಮನಸ್ಸಿನ ಆಸರೆ ಎಂದರೆ ನಿರಾಶ್ರಿತರ ಶಿಬಿರವೊಂದೇ ನೆನಪಾಗಬೇಕಾಗಿಲ್ಲ. ಇಲ್ಲಿನ ಕಾರ್ಮಿಕರ ವಸತಿಗಳಲ್ಲಿ ನಮ್ಮ ಕರಾವಳಿಯವರು, ಉತ್ತರ ಕರ್ನಾಟಕದವರು, ತೆಲಂಗಾಣದವರು ಒಂದೇ ಕೋಣೆಯಲ್ಲಿ ಮಹಡಿ ಮಂಚಗಳ ಮೇಲೆ ಮಲಗುತ್ತಾರೆ. ನಮ್ಮಲ್ಲಿ ಕೆಲವರು ರಜೆಯ ದಿನ ಹೋಗಿ ಅವರೊಡನೆ ಕುಳಿತುಕೊಳ್ಳುತ್ತೇವೆ. ಇದನ್ನು ಆಪ್ತಸಮಾಲೋಚನೆ ಎಂದು ಕರೆದುಕೊಳ್ಳುವ ಅರ್ಹತೆ ನಮಗಿಲ್ಲ; ಹಾಗೆ ಕರೆದುಕೊಂಡರೆ ಇಲ್ಲಿ ಪರವಾನಗಿಯ ಪ್ರಶ್ನೆಯೂ ಬರುತ್ತದೆ. ಯಾರದೋ ಕಷ್ಟಕ್ಕೆಂದು ನಾಲ್ಕು ಜನರಿಂದ ಚಂದಾ ಎತ್ತುವುದೂ ಇಲ್ಲಿ ಅನುಮತಿಯಿಲ್ಲದೆ ಅಪರಾಧ. ಊರಿನಿಂದ ಉತ್ಸಾಹದಲ್ಲಿ ಬರುವವರಿಗೆ ಇದು ಗೊತ್ತಿರುವುದಿಲ್ಲ.

ಅವರ ನೋವು ಸಾಮಾನ್ಯವಾಗಿ ಸಾಲದಿಂದ ಶುರುವಾಗುತ್ತದೆ. ಏಜೆಂಟನಿಗೆ ಕೊಟ್ಟ ಹಣಕ್ಕೆ ಊರಿನಲ್ಲಿ ಬಡ್ಡಿ ಏರುತ್ತಿರುತ್ತದೆ, ಇಲ್ಲಿ ಎರಡು ತಿಂಗಳ ಸಂಬಳ ನಿಂತಿರುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಿನಲ್ಲಿ ದುಡಿಸಬಾರದೆಂಬ ಕಾನೂನು ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಇದೆ, ನಿಜ. ಆದರೆ ಆ ಎರಡೂವರೆ ಗಂಟೆ ನೆರಳಿನಲ್ಲಿ ಕುಳಿತವನು ಮಾಡುವುದು ಸಾಲದ ಲೆಕ್ಕವನ್ನೇ. ಮನೆಗೆ ವಿಡಿಯೋ ಕರೆ ಮಾಡುವಾಗ ಗೋಡೆಗೆ ಒಳ್ಳೆಯ ಬಣ್ಣವಿರುವ ಮೂಲೆಯನ್ನು ಹುಡುಕಿ ನಿಲ್ಲುತ್ತಾನೆ. ಹಿಂದಿನ ಮಂಚಗಳು ಕಾಣದಂತೆ ಫೋನನ್ನು ಮೇಲಕ್ಕೆ ಹಿಡಿಯುತ್ತಾನೆ. ಕರೆ ಮುಗಿದ ಮೇಲೆ ಐದು ನಿಮಿಷ ಯಾರೊಡನೆಯೂ ಮಾತನಾಡುವುದಿಲ್ಲ.

ನಾವು ಕಲಿತದ್ದು ಇಷ್ಟು: ಮೊದಲು ಸಂಬಳದ ದೂರನ್ನು ಎಲ್ಲಿ ಕೊಡಬೇಕೆಂದು ತೋರಿಸುವುದು, ಭಾರತೀಯ ದೂತಾವಾಸದ ಸಹಾಯವಾಣಿಗೆ ಅವನ ಪಕ್ಕದಲ್ಲಿ ಕುಳಿತೇ ಕರೆ ಮಾಡಿಸುವುದು, 2009ರಿಂದ ಇರುವ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಊರಿಗೆ ಮರಳುವ ಟಿಕೆಟ್ಟಿಗೆ ಅವಕಾಶವಿದೆ ಎಂದು ತಿಳಿಸುವುದು. ಆಮೇಲೆ ತುಳುವಿನಲ್ಲೋ ಕನ್ನಡದಲ್ಲೋ ಸುಮ್ಮನೆ ಹರಟುವುದು. ಸಾಯುವ ಮಾತನ್ನು ಯಾರಾದರೂ ಆಡಿದರೆ ಅವನನ್ನು ಒಬ್ಬನೇ ಬಿಡದೆ ಆಸ್ಪತ್ರೆಗೆ ಮುಟ್ಟಿಸುತ್ತೇವೆ. ನಮ್ಮಲ್ಲಿ ಯಾರೂ ಅದನ್ನು ಕೋಣೆಯಲ್ಲಿ ಕುಳಿತು ಬಗೆಹರಿಸಲು ಹೋಗುವುದಿಲ್ಲ.

ಕಾವೇರಿತೀರ

ಇಷ್ಟು ಉತ್ತರಗಳು ಬರುತ್ತವೆಂದು ಎಣಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಸಂಸ್ಥೆಗೆ ಬರೆದು ಕೇಳಿದೆ. ಶುಲ್ಕವು ‘ಆಡಳಿತ ಮತ್ತು ಸ್ವಯಂಸೇವಕರ ಅನುಭವಕ್ಕೆ’ ಎಂದಿದ್ದಾರೆ. ನಾನು ಹಿಂತಿರುಗಿದ ಮೇಲೆ ಆ ಮಹಿಳೆಯರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದ್ದಕ್ಕೆ ‘ಮುಂದಿನ ತಂಡ’ ಎಂದು ಉತ್ತರ ಬಂದಿದೆ. ಶಿಬಿರದ ಪ್ರವೇಶಪತ್ರದ ಪ್ರಶ್ನೆಗೆ ಉತ್ತರವಿಲ್ಲ, ಅದರ ಬದಲು ಸಮುದ್ರತೀರದ ವಸತಿಗೃಹದ ಚಿತ್ರಗಳನ್ನು ಕಳುಹಿಸಿದ್ದಾರೆ.

ಪ್ರಶ್ನಾರ್ಥಕ

ಸ್ವಯಂಸೇವಕರ ಅನುಭವ! ಇದನ್ನು ಬಿಡಿಸಿ ಹೇಳುವ ಅಗತ್ಯ ಇನ್ನು ನನಗಿಲ್ಲ.

ಉಖಿಯಾ ನೋಡಿದವ

‘ಮುಂದಿನ ತಂಡ’ ಎಂದರೆ, ಆ ಹೆಂಗಸು ಮೂರು ವಾರಕ್ಕೊಮ್ಮೆ ಹೊಸ ಮುಖಕ್ಕೆ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕೆಂದರ್ಥ. ಪ್ರವೇಶದ ವಿಚಾರ ಹೇಳುತ್ತೇನೆ: ನಿರಾಶ್ರಿತರ ಪರಿಹಾರ ಮತ್ತು ಪುನರ್ವಸತಿ ಆಯುಕ್ತರ ಕಚೇರಿಯ ಅನುಮತಿಯಿಲ್ಲದೆ ಹೊರಗಿನವರು ಶಿಬಿರದೊಳಗೆ ಕೆಲಸ ಮಾಡುವಂತಿಲ್ಲ, ಸಂಜೆಯೊಳಗೆ ಎಲ್ಲರೂ ಹೊರಬೀಳಬೇಕು. ಪ್ರವಾಸಿ ವೀಸಾದಲ್ಲಿ ಬನ್ನಿ ಎಂದರೆ ಅಲ್ಲಿಗೇ ಮಾತು ಮುಗಿಸಿಬಿಡಿ.

ಇನ್ನೊಂದು ವಿಷಯ. ರೋಹಿಂಗ್ಯಾ ಜನರು ಬಾಂಗ್ಲಾದೇಶದಲ್ಲಿ ಕಾನೂನುಬದ್ಧವಾಗಿ ನೌಕರಿ ಮಾಡುವಂತಿಲ್ಲ. ಆದ್ದರಿಂದ ಶಿಬಿರದಲ್ಲಿ ಮನೆಮನೆಗೆ ಹೋಗಿ ನೊಂದವರನ್ನು ಗುರುತಿಸುವ, ಅವರನ್ನು ಕೇಂದ್ರಕ್ಕೆ ಕರೆತರುವ, ರಾತ್ರಿ ಬೆಂಕಿ ಬಿದ್ದರೆ ಮೊದಲು ಓಡಿಹೋಗುವ ರೋಹಿಂಗ್ಯಾ ಹುಡುಗ ಹುಡುಗಿಯರೆಲ್ಲ ಕಾಗದದ ಮೇಲೆ ಸ್ವಯಂಸೇವಕರು. ಅವರಿಗೆ ಸಿಗುವುದು ಗಂಟೆಯ ಲೆಕ್ಕದ ಸಣ್ಣ ಗೌರವಧನ. 2021ರ ಮಾರ್ಚ್ 22ರಂದು ಬಾಲೂಖಾಲಿಯಲ್ಲಿ ಬೆಂಕಿ ಹಬ್ಬಿ ಸಾವಿರಾರು ಗುಡಿಸಲುಗಳು ಸುಟ್ಟಾಗ ಹೀಗೆ ಓಡಿಹೋದವರಲ್ಲಿ ತಮ್ಮದೇ ಮನೆ ಕಳೆದುಕೊಂಡವರೂ ಇದ್ದರು. ದುಡ್ಡು ಕೊಟ್ಟು ಸ್ವಯಂಸೇವಕರಾಗಿ ಬರುವವರನ್ನು ಅವರ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ನನಗೆ ಮಾತೇ ಹೊರಡುವುದಿಲ್ಲ.

ಹಳೇ ಬಳ್ಳಾರಿ (ನಿವೃತ್ತ ಆರೋಗ್ಯ ಸಹಾಯಕ)

ಸಾಮಾನ್ಯರು ಈ ಕೆಲಸ ಮಾಡಬಲ್ಲರೇ ಎಂಬ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ನಮ್ಮಂಥ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಕಲಿಸಿದರು. ಅದಕ್ಕೂ ಮೊದಲು ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಅದರ ಪ್ರಯೋಗ ನಡೆದಿತ್ತು. 1996ರಲ್ಲಿ ದೇಶಕ್ಕೆಲ್ಲ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಜನ ನಮಗೆ ಬಾಯಿ ಬಿಡುತ್ತಿದ್ದುದು ನಾವು ಪಂಡಿತರೆಂದಲ್ಲ. ಲಸಿಕೆಗೂ, ಮಲೇರಿಯಾದ ರಕ್ತಲೇಪನಕ್ಕೂ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದವರು ನಾವೇ ಆಗಿದ್ದೆವು.

ಇದೇ ತತ್ವವನ್ನು ಜಿಂಬಾಬ್ವೆಯಲ್ಲಿ ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಅಲ್ಲಿ 2005ರಲ್ಲಿ ಸರ್ಕಾರವೇ ಕೊಳೆಗೇರಿಗಳನ್ನು ಕೆಡವಿ ಸುಮಾರು ಏಳು ಲಕ್ಷ ಜನ ಮನೆಯನ್ನೋ ಜೀವನೋಪಾಯವನ್ನೋ ಕಳೆದುಕೊಂಡರು. ಮನೋವೈದ್ಯರಾದ ಡಾ. ಡಿಕ್ಸನ್ ಚಿಬಾಂಡ ಅವರ ರೋಗಿಯಾಗಿದ್ದ ಹುಡುಗಿಯೊಬ್ಬಳು ಆಸ್ಪತ್ರೆಗೆ ಬರಲು ಬಸ್ ಖರ್ಚಿಲ್ಲದೆ ಉಳಿದು ಆತ್ಮಹತ್ಯೆ ಮಾಡಿಕೊಂಡಳು. ಅದರ ನಂತರ ಅವರು ಹರಾರೆಯ ಎಂಬಾರೆ ಬಡಾವಣೆಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಚಿಕಿತ್ಸಾಲಯದ ಅಂಗಳದ ಮರದ ಬೆಂಚಿನ ಮೇಲೆ ಕೂರಿಸಿದರು. ಅದೇ ‘ಫ್ರೆಂಡ್‌ಶಿಪ್ ಬೆಂಚ್’. 573 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅಜ್ಜಿಯರ ಬಳಿ ಹೋದವರಿಗೆ ಆರು ತಿಂಗಳ ನಂತರ ಖಿನ್ನತೆಯ ಲಕ್ಷಣಗಳು ಉಳಿದವರಿಗಿಂತ ಬಹಳ ಕಡಿಮೆಯಿದ್ದವು. ಅಜ್ಜಿಯರು ಹಳೆಯ ಗಾಯವನ್ನು ಕೆದಕುವುದಿಲ್ಲ. ಇರುವ ತೊಂದರೆಗಳಲ್ಲಿ ಒಂದನ್ನು ಆರಿಸಿಕೊಂಡು ಈ ವಾರ ಅದಕ್ಕೇನು ಮಾಡಬಹುದೆಂದು ಜೊತೆಗೆ ಯೋಚಿಸುತ್ತಾರೆ.

ಕೆಂಪುಗುಡ್ಡ

ಅಜ್ಜಿಯರ ವಿಷಯ ಚೆನ್ನಾಗಿದೆ. ಆದರೆ ಅದೇ ಕೇರಿಯ ಅಜ್ಜಿ ಅದೇ ಕೇರಿಯ ಗುಟ್ಟುಗಳನ್ನು ಕಾಪಾಡುತ್ತಾಳೆಯೇ? ನನ್ನ ಊರಿನ ಅಜ್ಜಿಯರನ್ನು ನೆನೆಸಿಕೊಂಡರೆ ನನಗೆ ಭಯವೇ ಆಗುತ್ತದೆ. ಕೆಲವರಿಗೆ ಅಪರಿಚಿತರ ಎದುರು ಮಾತ್ರ ಬಾಯಿ ಬರುತ್ತದೆ, ಸ್ವಾಮಿ. ಇದನ್ನು ನೀವ್ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ಲಂಡನ್ನಿನ ಮಳೆ

ಕೆಂಪುಗುಡ್ಡ ಅವರ ಈ ಮಾತಿನಲ್ಲಿ ನನಗೆ ಹುರುಳು ಕಾಣುತ್ತದೆ. ನಾನು ಇಲ್ಲಿ ಸಮಾರಿಟನ್ಸ್ ಸಂಸ್ಥೆಯ ದೂರವಾಣಿಯಲ್ಲಿ ಕೇಳುಗಳಾಗಿ ಕೂರುತ್ತೇನೆ. ಕರೆ ಮಾಡುವವರಿಗೆ ನಾನು ಯಾರೆಂದು ತಿಳಿಯದು, ನನಗೂ ಅವರು ಯಾರೆಂದು ತಿಳಿಯದು. ಆ ಮರೆಯಿಂದಲೇ ಅವರಿಗೆ ಧೈರ್ಯ ಬರುತ್ತದೆ. ಸಂಸ್ಥೆಯ ಹುಟ್ಟಿನ ಕಥೆಯೂ ಕುತೂಹಲಕರವಾಗಿದೆ. 1953ರಲ್ಲಿ ಚಾಡ್ ವಾರಾ ಎಂಬ ಪಾದ್ರಿ ತಮ್ಮ ಇಗರ್ಜಿಯಲ್ಲಿ ಆತ್ಮಹತ್ಯೆಯ ಯೋಚನೆಯಲ್ಲಿರುವವರಿಗೆ ಸಲಹೆ ಕೊಡಲು ಕುಳಿತರು. ಸರದಿಗೆ ಕಾಯುವವರಿಗೆ ಚಹಾ ಕೊಟ್ಟು ಮಾತನಾಡಿಸಲು ಕೆಲವು ಸ್ವಯಂಸೇವಕರು ಬರುತ್ತಿದ್ದರು. ಹಲವರು ಆ ಚಹಾದವರೊಡನೆ ಮಾತನಾಡಿಯೇ ಹಗುರಾಗಿ, ಪಾದ್ರಿಯನ್ನು ನೋಡದೆ ಎದ್ದುಹೋಗುತ್ತಿದ್ದುದನ್ನು ಅವರು ಗಮನಿಸಿ, ಕೆಲಸವನ್ನು ಸ್ವಯಂಸೇವಕರ ಕೈಗೇ ಒಪ್ಪಿಸಿದರು.

ಆದರೆ ಕೆಂಪುಗುಡ್ಡ ಅವರು ಇದನ್ನು ತಮ್ಮ ವಾದಕ್ಕೆ ಬಳಸಿಕೊಳ್ಳುವ ಮುನ್ನ ಒಂದು ಮಾತು. ನಮಗೆ ತರಬೇತಿ ಕಡ್ಡಾಯ, ಪ್ರತಿ ಪಾಳಿಯ ಕೊನೆಗೆ ಕೇಳಿದ್ದನ್ನು ಹಿರಿಯ ಸ್ವಯಂಸೇವಕರೊಬ್ಬರ ಮುಂದೆ ಇಳಿಸಿಯೇ ಮನೆಗೆ ಹೋಗಬೇಕು. ಅಪರಿಚಿತರಾದರೂ ಭಾಷೆಯೊಂದೇ. ಹಗಲು ರಾತ್ರಿ ಅದೇ ಸಂಖ್ಯೆಗೆ ಯಾರಾದರೂ ಉತ್ತರಿಸುತ್ತಾರೆ. ವ್ಯಕ್ತಿ ಬದಲಾದರೂ ಬಾಗಿಲು ಮುಚ್ಚುವುದಿಲ್ಲ.

ಸಾಲುಮರ

ಗುಟ್ಟಿನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವೂ ತರಬೇತಿ ಮತ್ತು ಮೇಲ್ವಿಚಾರಣೆಯೇ. ತಮಿಳುನಾಡಿನಲ್ಲಿರುವ ಶ್ರೀಲಂಕಾ ತಮಿಳರ ಶಿಬಿರಗಳಲ್ಲಿ, ಆತ್ಮಹತ್ಯೆ ತಡೆಯಲು ದುಡಿಯುವ ಚೆನ್ನೈನ ಸ್ನೇಹಾ ಸಂಸ್ಥೆಯನ್ನು 1986ರಲ್ಲಿ ಕಟ್ಟಿದ ಡಾ. ಲಕ್ಷ್ಮಿ ವಿಜಯಕುಮಾರ್ ಅವರ ತಂಡ ಶಿಬಿರದವರನ್ನೇ ಸ್ವಯಂಸೇವಕರನ್ನಾಗಿ ತಯಾರು ಮಾಡಿತು. ಅಪಾಯದಲ್ಲಿರುವವರನ್ನು ಅವರು ನಿಯತವಾಗಿ ಭೇಟಿಯಾಗುತ್ತಿದ್ದರು. ಸಾಯುವ ಯೋಚನೆ ಬಂದಾಗ ಏನು ಮಾಡಬೇಕು, ಯಾರನ್ನು ಕರೆಯಬೇಕು ಎಂಬುದನ್ನು ಮೊದಲೇ ಒಂದು ಕಾರ್ಡಿನಲ್ಲಿ ಬರೆಸಿಡುತ್ತಿದ್ದರು. ಇಂಥ ಕೆಲಸದಲ್ಲಿ ಹೊರಗಿನ ತಜ್ಞರ ಜಾಗ ಸ್ವಯಂಸೇವಕರ ಬೆನ್ನಿಗಿರುತ್ತದೆ, ನೊಂದವರ ಎದುರಿಗಲ್ಲ.

ಈ ಬೆನ್ನಿನ ಕೆಲಸವನ್ನು ಯಾರೂ ಹೊಗಳುವುದಿಲ್ಲ, ಅದರ ಫೋಟೋ ಕೂಡ ಚೆನ್ನಾಗಿ ಬರುವುದಿಲ್ಲ. ದಿನವಿಡೀ ತನ್ನ ಜನರ ಸಾವುನೋವನ್ನು ಕೇಳಿ ಮನೆಗೆ ಹೋಗುವ ಇಪ್ಪತ್ತೆರಡರ ಹುಡುಗಿಗೆ, ಅವಳು ಕೇಳಿದ್ದು ಅವಳದೇ ಕಥೆಯಾಗಿರುವಾಗ, ವಾರಕ್ಕೊಮ್ಮೆ ಯಾರಾದರೂ ಕಿವಿಗೊಡಬೇಕು. ಅದಕ್ಕೆ ಕಾವೇರಿತೀರ ಮೇಡಂ ಅವರಂಥ, ಹರೆಯದವರ ಮಾತನ್ನು ಬಹಳ ವರ್ಷ ಕೇಳಿದ ಶಿಕ್ಷಕಿಯರು ಬೇಕು. ಅದನ್ನು ಮೈಸೂರಿನಲ್ಲಿ ಕುಳಿತು ವಿಡಿಯೋ ಕರೆಯಲ್ಲಿಯೂ ಮಾಡಬಹುದು.

ಹೊನ್ನಾವರದ ಹೊಳೆ

ನಾನು ಮೊದಲು ಹೇಳಿದ್ದಕ್ಕೆ ಈಗಲೂ ಅಂಟಿಕೊಂಡಿದ್ದೇನೆ, ಕೇಳಿಸಿಕೊಳ್ಳುವುದಕ್ಕೆ ಪಾಂಡಿತ್ಯ ಬೇಡ. ಆದರೆ ಕೇಳಿಸಿಕೊಂಡವರು ನಾಳೆಯೂ ಅಲ್ಲೇ ಇರಬೇಕು ಎಂಬುದನ್ನು ಸೇರಿಸಿಕೊಳ್ಳುತ್ತೇನೆ.

ಉಖಿಯಾ ನೋಡಿದವ

ಶಿಬಿರದವರು ಏನು ಮಾಡಿಕೊಂಡಿದ್ದಾರೆ ಎಂಬುದನ್ನೂ ನೋಡಬೇಕು. ಅಂತರರಾಷ್ಟ್ರೀಯ ವಲಸೆ ಸಂಸ್ಥೆಯ ನೆರವಿನಿಂದ 2022ರಲ್ಲಿ ಶಿಬಿರ 18ರಲ್ಲಿ ರೋಹಿಂಗ್ಯಾ ಸಾಂಸ್ಕೃತಿಕ ಸ್ಮೃತಿ ಕೇಂದ್ರ ತೆರೆಯಿತು. ಅದು ಆ ಸಂಸ್ಥೆಯ ಮಾನಸಿಕ ಆರೋಗ್ಯದ ಕೆಲಸದ ಭಾಗವೇ. ಗಂಡಸರು ತಮ್ಮ ಊರಿನ ದೋಣಿ, ಮನೆ, ಬೇಸಾಯದ ಸಲಕರಣೆಗಳ ಮಾದರಿಗಳನ್ನು ಕೆತ್ತುತ್ತಾರೆ, ಹೆಂಗಸರು ಬಟ್ಟೆಯ ಮೇಲೆ ಕಸೂತಿ ಹಾಕುತ್ತಾರೆ. 1982ರ ಪೌರತ್ವ ಕಾನೂನು ಬಂದ ಮೇಲೆ ‘ನೀವು ಈ ದೇಶದವರೇ ಅಲ್ಲ’ ಎಂದು ಕೇಳುತ್ತಾ ಬಂದವರಿಗೆ, ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ದೋಣಿಯ ಹಲಗೆಗಳನ್ನು ಹೇಗೆ ಜೋಡಿಸಬೇಕೆಂದು ತೋರಿಸುವುದು ದೊಡ್ಡ ಔಷಧ. ಅಲ್ಲಿ ಯಾರೂ ಯಾರನ್ನೂ ‘ಆ ದಿನ ಏನಾಯಿತು’ ಎಂದು ಕೇಳುವುದಿಲ್ಲ.

ಕಾವೇರಿತೀರ

ಆ ಸಂಸ್ಥೆಗೆ ಬರುವುದಿಲ್ಲವೆಂದು ಬರೆದಿದ್ದೇನೆ. ಸಾಲುಮರ ಅವರು ಹೇಳಿದ ಮೇಲ್ವಿಚಾರಣೆಯ ಕೆಲಸದ ಬಗ್ಗೆ ಎರಡು ಸಂದೇಹಗಳಿವೆ. ನನಗೆ ಬಂಗಾಳಿ ಬಾರದು, ಇಂಗ್ಲಿಷ್ ಮತ್ತು ಸುಮಾರಾದ ಹಿಂದಿ ಬರುತ್ತದೆ, ಅಷ್ಟು ಸಾಕೇ? ಮತ್ತು ನಾನು ಮಕ್ಕಳ ಸಮಾಲೋಚಕಿಯಾಗಿದ್ದವಳು, ಮೇಲ್ವಿಚಾರಣೆ ಮಾಡಲು ಏನನ್ನು ಹೊಸದಾಗಿ ಕಲಿಯಬೇಕು?

ಸಾಲುಮರ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ‘ಪ್ರಾಬ್ಲಂ ಮ್ಯಾನೇಜ್‌ಮೆಂಟ್ ಪ್ಲಸ್’ ಎಂಬ, ನೊಂದವರಿಗೆ ನೆರವಾಗುವ ಐದು ವಾರದ ಕ್ರಮವನ್ನು ಪ್ರಕಟಿಸಿದೆ. ಪಾಕಿಸ್ತಾನದ ಪೆಶಾವರದಲ್ಲಿ ಅದನ್ನು ಸಾಮಾನ್ಯ ಕಾರ್ಯಕರ್ತರ ಕೈಯಲ್ಲಿ ಮಾಡಿಸಿ ಪರೀಕ್ಷಿಸಿದ್ದರು, ಫಲಿತಾಂಶ ಚೆನ್ನಾಗಿತ್ತು. ಕೈಪಿಡಿ ಉಚಿತವಾಗಿ ಸಿಗುತ್ತದೆ. ಅದನ್ನು ಓದಿ, ಮೊದಲು ಮೈಸೂರಿನಲ್ಲೇ ಆಶಾ ಕಾರ್ಯಕರ್ತೆಯರೊಡನೆಯೋ ಸ್ವಸಹಾಯ ಸಂಘದವರೊಡನೆಯೋ, ಅನುಭವಿಗಳೊಬ್ಬರ ಮೇಲ್ವಿಚಾರಣೆಯಲ್ಲಿ ನೀವೇ ಮಾಡಿ ನೋಡಿ. ತಾನು ಮಾಡದ್ದನ್ನು ಇನ್ನೊಬ್ಬರಿಂದ ಮಾಡಿಸಲು ಬರುವುದಿಲ್ಲ.

ಉಖಿಯಾ ನೋಡಿದವ

ಭಾಷೆಗೆ ನಾನು ಉತ್ತರಿಸುತ್ತೇನೆ. ರೋಹಿಂಗ್ಯಾ ಸ್ವಯಂಸೇವಕರ ಮೇಲಿರುವ ಬಾಂಗ್ಲಾದೇಶದ ಸಮಾಲೋಚಕರಲ್ಲಿ ಬಹಳ ಮಂದಿ ಮನಃಶಾಸ್ತ್ರ ಓದಿದ ಯುವಕ ಯುವತಿಯರು, ಇಂಗ್ಲಿಷಿನಲ್ಲಿ ಧಾರಾಳವಾಗಿ ಮಾತನಾಡುತ್ತಾರೆ. ನೀವು ಅವರಿಗೆ ಬೆನ್ನಾಗಿ ನಿಂತರೆ ಸಾಕು. ಅಲ್ಲಿ ನೆಲೆಯೂರಿರುವ ಸಂಸ್ಥೆಗಳಿಗೇ ಬರೆಯಿರಿ, ಕನಿಷ್ಠ ಒಂದು ವರ್ಷ, ವಾರಕ್ಕೊಂದು ಗಂಟೆ ಎಂದು ನೀವಾಗಿಯೇ ಹೇಳಿ. ಒಂದು ವರ್ಷ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಮೂರು ವಾರದವರ ಪತ್ರಗಳು ಅವರಿಗೆ ದಿನವೂ ಬರುತ್ತಿರುತ್ತವೆ. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಆಗ ಕರೆ ತಪ್ಪಿದರೆ ಬೇಸರಪಟ್ಟುಕೊಳ್ಳಬೇಡಿ.

ಕೆಂಪುಗುಡ್ಡ

ಮೇಡಂ, ಮೈಸೂರಿನಲ್ಲಿ ಆ ಐದು ವಾರದ ಕ್ರಮವನ್ನು ಶುರುಮಾಡುವುದಾದರೆ ನನಗೂ ತಿಳಿಸಿ. ನಂಜನಗೂಡಿನಿಂದ ಬಸ್ಸಿನಲ್ಲಿ ಬರುತ್ತೇನೆ. ವಾದ ಮಾಡುವುದನ್ನು ಮಾತ್ರ ಬಿಡುವುದಿಲ್ಲ.